ಗೂಟದ ಮೇಲಿನ ಹಗ್ಗ

ನಮ್ಮ ಕಡೆ ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಸಂತೆಯಲ್ಲಿ ಮಾತು ಮುಗಿದ ಮೇಲೆ ಕೊಂಡವನು ತಾನು ತಂದ ಹೊಸ ಹಗ್ಗವನ್ನು ದನದ ಕೊರಳಿಗೆ ಕಟ್ಟುತ್ತಾನೆ. ಮಾರಿದವನು ತನ್ನ ಹಳೆಯ ಹಗ್ಗ ಬಿಚ್ಚಿ, ಸುತ್ತಿಕೊಂಡು ಬಂದು, ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಾನೆ. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳಂತೆ. ಅದೇ ದನವನ್ನು ಸ್ವಲ್ಪ ದಿನ ಮೇಯಿಸಿಕೊಡಿ ಎಂದು ನೆಂಟರ ಮನೆಗೆ ಬಿಟ್ಟರೆ ಹಗ್ಗದ ಸಮೇತ ಬಿಡುತ್ತೇವೆ. ಇಷ್ಟು ಗೊತ್ತಿದ್ದವರಿಗೆ ರಸ್ತೆಯಲ್ಲಿ ಎದುರಾದ ದನದ ಕೊರಳು ನೋಡಿದರೆ ಸಾಕು, ಅದು ಯಾರ ಮನೆಗೆ ಯಾಕೆ ಹೊರಟಿದೆ ಎಂದು ಹೇಳಿಬಿಡುತ್ತಾರೆ. ಕಾಗದ ಪತ್ರ ಯಾವುದನ್ನೂ ನಂಬದ ನನ್ನ ಅತ್ತೆ ಈ ಹಗ್ಗವನ್ನು ನಂಬುತ್ತಾರೆ. ನಾನೂ ನಂಬುತ್ತೇನೆ.

ನಮ್ಮದು ಜಗಳೂರು ತಾಲ್ಲೂಕು, ಬಿಳಿಚೋಡಿನಿಂದ ಒಳಗೆ ಹೋಗುವ ರಸ್ತೆಯ ಒಂದು ಊರು. ಮಳೆ ಬಂದರೆ ಮೆಕ್ಕೆಜೋಳ, ಬರದಿದ್ದರೆ ಕಟ್ಟೆ ಮೇಲೆ ಕೂತು ಮಾತು. ನಾನು ಮದುವೆಯಾಗಿ ಬಂದಾಗ ನನ್ನಪ್ಪ ನ್ಯಾಮತಿ ಕಡೆಯ ನನ್ನ ತವರೂರಿನಿಂದ ನನ್ನ ಜೊತೆ ಒಂದು ಎಮ್ಮೆ ಕಳಿಸಿದ್ದ. ಈಗ ಇರುವುದು ಅದರ ಮೊಮ್ಮಗಳು. ಹೊಲ ನಮ್ಮ ಯಜಮಾನರದು, ಮನೆ ಅತ್ತೆಯದು, ಎಮ್ಮೆ ನನ್ನದು. ಹಾಲು ಬೇಕಾದವರು ಅತ್ತೆಯನ್ನು ಕೂಗುತ್ತಿರಲಿಲ್ಲ, ನನ್ನನ್ನು ಕೂಗುತ್ತಿದ್ದರು. ಅದು ಸಣ್ಣ ವಿಷಯ ಅಂತ ಅನ್ನುವವರು ಸೊಸೆಯಾಗಿ ಇದ್ದು ನೋಡಬೇಕು.

ಹೋದ ವರ್ಷದ ಮುಂಗಾರು ಒಂದು ಹದ ಸುರಿದು, ಎಲ್ಲರ ಕೈಯಲ್ಲೂ ಬಿತ್ತನೆ ಮಾಡಿಸಿ, ಹೇಳದೆ ಕೇಳದೆ ಹೋಯಿತು. ಮೆಕ್ಕೆಜೋಳ ಮೊಣಕಾಲುದ್ದ ಬೆಳೆದು ಸುರುಟಿಕೊಂಡಿತು. ಅದನ್ನೇ ಕಿತ್ತು ಎಮ್ಮೆಗೆ ಹಾಕಿದೆವು. ಹಿಂಗಾರೂ ಬರಲಿಲ್ಲ. ದುರ್ಭಿಕ್ಷದಲ್ಲಿ ಅಧಿಕ ಮಾಸ ಎಂಬಂತೆ ಊರ ಬೋರ್‌ವೆಲ್ ಕೆಸರು ಕಾರಿ ನಿಂತಿತು. ಎಮ್ಮೆ ಮೇಲೆ ಮಳೆ ಸುರಿದಂಗೆ ಎಂದು ನಾನು ಯಜಮಾನರನ್ನು ಬೈಯುವುದುಂಟು. ಈ ಸಲ ಆ ಗಾದೆ ಹೇಳಲಿಕ್ಕಾದರೂ ಒಂದು ಮಳೆ ಬರಬಾರದಿತ್ತೇ ಅನ್ನಿಸಿತು.

ಮೇವು ಕಡಿಮೆಯಾದಂತೆ ಊರಲ್ಲಿ ಅನುಮಾನ ಜಾಸ್ತಿಯಾಯಿತು. ಹಿಂದಿನ ವರ್ಷದ ಜೋಳದ ಒಣ ಸೊಪ್ಪೆದಂಟು ಉಳಿಸಿಕೊಂಡವರು ಬಣವೆಯ ಸುತ್ತ ಜಾಲಿಮುಳ್ಳು ಒಟ್ಟಿದರು. ನಮ್ಮ ಅತ್ತೆ ಒಲೆಯ ಬೂದಿ ತಂದು ನಮ್ಮ ಪುಟ್ಟ ಬಣವೆಯ ಸುತ್ತ ಗೆರೆ ಎಳೆಯಲು ಶುರುಮಾಡಿದರು. ಸಂಜೆ ಎಳೆದ ಗೆರೆ ಬೆಳಿಗ್ಗೆ ಹಾಗೇ ಇದ್ದರೆ ಕಳ್ಳರು ಬಂದಿಲ್ಲ ಎಂದು ಅರ್ಥ. ಒಂದು ಬೆಳಿಗ್ಗೆ ಗೆರೆ ಅಳಿಸಿತ್ತು. ಅತ್ತೆ ಯಾರ ಹೆಸರೂ ಎತ್ತದೆ, ಪಕ್ಕದ ಮನೆಯ ಬಾಗಿಲಿಗೆ ಮುಖ ಮಾಡಿ ನಿಂತು, ಮೇವು ಕದ್ದವರ ವಂಶವನ್ನೆಲ್ಲ ನೆನೆದರು. ಪಕ್ಕದ ಮನೆಯವಳು ಹೊರಗೆ ಬಂದು, “ನಮಗ್ಯಾಕ್ರೀ ಅಂತೀರಿ?” ಎಂದಳು.

“ನಿನಗೆ ಅಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ,” ಎಂದರು ಅತ್ತೆ.

ಮಾರನೆಯ ದಿನ ನಾನೇ ಕಂಡೆ, ನಮ್ಮ ಕೋಳಿ ಆ ಬೂದಿಯಲ್ಲಿ ಹೊರಳಾಡುತ್ತಿತ್ತು. ಅತ್ತೆಯನ್ನು ಕರೆದು ತೋರಿಸಿದೆ. “ಇವತ್ತು ಕೋಳಿ. ನಿನ್ನೆ ಯಾರು?” ಎಂದರು. ನಿಜ ಹೇಳಬೇಕೆಂದರೆ ಅಂದಿನಿಂದ ನಾನೂ ಬೆಳಿಗ್ಗೆ ಎದ್ದವಳು ಮೊದಲು ಆ ಗೆರೆ ನೋಡುತ್ತಿದ್ದೆ.

ಕುರಿಯವರು ಆಗಲೇ ಹಿಂಡು ಹೊಡೆದುಕೊಂಡು ನೀರಾವರಿ ಕಡೆಗೆ ಹೊರಟುಹೋಗಿದ್ದರು. ದನ ಇದ್ದವರು ಸಂತೆಗೆ ಹೋಗಿ ಬರಿ ಹಗ್ಗ ಹಿಡಿದು ವಾಪಸ್ ಬರುತ್ತಿದ್ದರು. ಹೊನ್ನಾಳಿ ಕಡೆಯಿಂದ ಭತ್ತದ ಹುಲ್ಲು ತಂದು ಮಾರುವ ಟ್ರ್ಯಾಕ್ಟರಿನವನೊಬ್ಬ ನಮ್ಮೂರಿನವನೇ ಇದ್ದ. ಅವನು ಬಂದಾಗೆಲ್ಲ ನಮ್ಮ ಕೊಟ್ಟಿಗೆಯೊಳಗೆ ಇಣುಕಿ, “ಗಬ್ಬದ ಎಮ್ಮೆನ ಉಪವಾಸ ಕೆಡವಬ್ಯಾಡ್ರಿ. ನನಗೆ ಕೊಡ್ರಿ, ನಾನು ಸಾಕ್ತೀನಿ,” ಎನ್ನುತ್ತಿದ್ದ. ಅವನ ದಯೆ ನನಗೆ ಸರಿಕಾಣಲಿಲ್ಲ. ಹುಲ್ಲನ್ನು ಅವನೇ ತುಟ್ಟಿ ಮಾಡಿ, ಎಮ್ಮೆ ಬಡವಾಯಿತು ಅಂತ ಅವನೇ ಮರುಗುವುದು ಯಾವ ನ್ಯಾಯ? “ನಮ್ಮ ಎಮ್ಮೆ ಸತ್ರೂ ನಮ್ಮ ಹಿತ್ತಲಾಗೆ ಸಾಯ್ತೈತೆ, ನೀನು ಹೋಗಪ್ಪ,” ಎಂದು ಅಟ್ಟಿದೆ. ಅಟ್ಟಿದೆನೇ ಹೊರತು, ಎಮ್ಮೆಯ ಪಕ್ಕೆ ಎಣಿಸುವಂತಾಗಿತ್ತು. ಬಣವೆ ಸಂಕ್ರಾಂತಿಯವರೆಗೂ ಬರುವಂತಿರಲಿಲ್ಲ, ಎಮ್ಮೆ ಈಯುವುದು ಸಂಕ್ರಾಂತಿ ಆದ ಮೇಲೆ.

ತಮ್ಮನಿಗೆ ಫೋನ್ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ತವರು ಅಂದರೆ ತಮ್ಮ, ಅವನ ಹೆಂಡತಿ. ಅವನ ಹೊಲದ ಬೋರ್‌ವೆಲ್ಲಿನಲ್ಲಿ ನೀರಿತ್ತು, ಮನೆಯಲ್ಲಿ ಎರಡು ಹಸು ಇದ್ದವು. “ಕಳಿಸಕ್ಕ, ನಮ್ಮಪ್ಪನ ಎಮ್ಮೆ ತಳಿ ಅಲ್ವಾ, ನಮ್ಮ ಹಸು ತಿಂದಿದ್ದು ಇದೂ ತಿಂತೈತೆ,” ಎಂದ. ನನಗೆ ಕಣ್ಣು ತುಂಬಿ ಬಂತು. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ.

“ತವರಿಂದ ಬಂದಿದ್ದು ತವರಿಗೆ ಹೋದ್ರೆ ತಿರುಗಿ ಬರಲ್ಲ ಕಣವ್ವ.”

“ಹೆಣ್ಣುಮಕ್ಕಳು ಹೋಗಿ ಬರಲ್ವಾ ಅತ್ತೆ?” ಎಂದೆ.

“ಹೆಣ್ಣುಮಕ್ಕಳು ಹಾಲು ಕೊಡಲ್ವಲ್ಲ, ಕಳಿಸಿಬಿಡ್ತಾರೆ,” ಎಂದರು.

ತಮ್ಮ ಗೂಡ್ಸ್ ಗಾಡಿ ಮಾಡಿಕೊಂಡು ಬಂದ. ಅತ್ತೆ ಅಷ್ಟರಲ್ಲಿ ಕತ್ತಾಳೆ ನಾರಿನ ಹಗ್ಗ ತಾವೇ ಹೊಸೆದು, ನಡುವೆ ತಮ್ಮ ಹಳೆಯ ಸೀರೆಯ ಕೆಂಪು ಅಂಚು ಸೇರಿಸಿ, ಎಮ್ಮೆಗೆ ಕಟ್ಟಿದ್ದರು. ಗಾಡಿಗೆ ಹತ್ತಿಸುವಾಗ ಹಗ್ಗದ ತುದಿಯನ್ನು ತಮ್ಮನ ಕೈಗೆ ಕೊಟ್ಟು, ಸುತ್ತ ನಿಂತವರಿಗೆಲ್ಲ ಕೇಳುವಂತೆ, “ನೋಡಪ್ಪ, ಹಗ್ಗದ ಸಮೇತ ಕಳಿಸ್ತಾ ಇದೀನಿ. ಹಗ್ಗದ ಸಮೇತ ವಾಪಸ್ ಬರ್ಬೇಕು. ಈ ಹಗ್ಗ ಕಳೀತು ಅಂತ ಮಾತ್ರ ಹೇಳ್ಬ್ಯಾಡ,” ಎಂದರು. ತಮ್ಮನ ಮುಖ ಕೆಂಪಗಾಯಿತು. ನನಗೆ ನಾಚಿಕೆಯಾಯಿತು. ಗಾಡಿ ಹೋದ ಮೇಲೆ ಕೊಟ್ಟಿಗೆ ಗುಡಿಸುವ ಕೆಲಸವೂ ಇಲ್ಲದೆ ಸಂಜೆ ಏನು ಮಾಡಬೇಕೆಂದು ತೋಚಲಿಲ್ಲ.

ಮೊದಲಿಗೆ ಎಲ್ಲ ಸರಿ ಇತ್ತು. ತಮ್ಮ ವಾರಕ್ಕೊಮ್ಮೆ ವಿಡಿಯೋ ಕಳಿಸುತ್ತಿದ್ದ. ಎಮ್ಮೆ ಕೊಟ್ಟಿಗೆಯಲ್ಲಿ ಹಸುಗಳ ಪಕ್ಕ ನಿಂತು ಮೇಯುವುದು, ತೊಟ್ಟಿಯಲ್ಲಿ ನೀರು ಕುಡಿಯುವುದು, ಎಲ್ಲ ಕಾಣುತ್ತಿತ್ತು. ಅತ್ತೆ ಫೋನನ್ನು ಕಣ್ಣ ಹತ್ತಿರ ಹಿಡಿದು ಹಗ್ಗ ಹುಡುಕುತ್ತಿದ್ದರು. ಕೆಂಪು ಅಂಚು ಕಂಡರೆ ಫೋನ್ ವಾಪಸ್ ಕೊಡುತ್ತಿದ್ದರು.

ಸಂಕ್ರಾಂತಿ ಹತ್ತಿರ ಬಂದಾಗ ವಿಡಿಯೋಗಳು ಬದಲಾದವು. ಈಗ ಬರುತ್ತಿದ್ದದ್ದೆಲ್ಲ ಕತ್ತಲು ಕವಿಯುವ ಹೊತ್ತಿನವು. ಬರಿ ಮುಖ. ಮೂತಿ, ಕಣ್ಣು, ಸ್ವಲ್ಪ ಕೊಂಬು, ಮುಗಿಯಿತು. ಹಿಂದಿನ ಗೋಡೆ ಕಾಣುವುದಿಲ್ಲ, ಹೊಟ್ಟೆ ಕಾಣುವುದಿಲ್ಲ, ಕೊರಳೂ ಕಾಣುವುದಿಲ್ಲ. “ಪೂರ್ತಿ ತೋರಿಸೋ,” ಎಂದರೆ, “ಮೊಬೈಲ್ ಚಾರ್ಜ್ ಇಲ್ಲಕ್ಕ,” ಎನ್ನುತ್ತಿದ್ದ. ಅವನ ಹೆಂಡತಿಗೆ ಫೋನ್ ಮಾಡಿದರೆ ನಾನು ಕೇಳುವ ಮುಂಚೆಯೇ, “ಎಮ್ಮೆ ಚೆನ್ನಾಗೈತೆ ಅಕ್ಕ,” ಎನ್ನುತ್ತಿದ್ದಳು. ಕೇಳುವ ಮುಂಚೆ ಬರುವ ಉತ್ತರ ನನಗೆ ಯಾವತ್ತೂ ಹಿಡಿಸುವುದಿಲ್ಲ. ಈಯುವ ಹೊತ್ತು ಬಂತು, ಹೋಯಿತು. “ಈಯ್ತಾ?” ಎಂದರೆ, “ಇನ್ನೂ ಇಲ್ಲಕ್ಕ, ಸ್ವಲ್ಪ ತಡ ಆಗ್ತೈತೆ,” ಎಂದ ತಮ್ಮ. ಎಮ್ಮೆಯ ಬಸಿರು ನಮಗೆ ಗೊತ್ತಿಲ್ಲದ್ದೇ? ತಡ ಅಂದರೆ ಎಷ್ಟು ತಡ?

ಅತ್ತೆ ಏನೂ ಅನ್ನಲಿಲ್ಲ. ಅವರು ಏನಾದರೂ ಅಂದಿದ್ದರೆ ನಾನು ತವರಿನ ಪರ ಜಗಳಕ್ಕೆ ನಿಂತು ಹಗುರಾಗುತ್ತಿದ್ದೆ. ಅವರು ನನ್ನ ಮುಖ ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದರು. ಯಜಮಾನರು, “ನಿನ್ನ ತಮ್ಮ ಅಂಥವನಲ್ಲ ಬಿಡು,” ಎಂದರು. ಆ ಮಾತು ಕೇಳಿ ಇನ್ನೂ ಸಂಕಟವಾಯಿತು, ಯಾಕೆಂದರೆ ಅಂಥವನು ಅಂತ ನಾನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಟ್ರ್ಯಾಕ್ಟರಿನವನು ಹುಲ್ಲು ಇಳಿಸಲು ಬಂದ. ಇಳಿಸಿದವನು ಹೋಗದೆ ನಮ್ಮ ಜಗಲಿಯ ಮೇಲೆ ಕೂತ.

“ಎಮ್ಮೆ ಮಾರಿದ್ರಿ ಅಂತ ನನಗೆ ಹೇಳಲೇ ಇಲ್ವಲ್ರೀ,” ಎಂದ.

“ಯಾರು ಮಾರಿದ್ದು?” ಎಂದೆ.

“ಈ ಸಲ ಹೊನ್ನಾಳಿ ಕಡೆ ಹುಲ್ಲು ಸಿಗಲಿಲ್ಲ, ಚನ್ನಗಿರಿ ದಾಟಿ ಹೋಗಿದ್ದೆ. ಉಬ್ರಾಣಿ ಹತ್ರ ರಸ್ತೆ ಮೇಲೆ ಕಂಡೆ. ಎಡಗೊಂಬು ಕೆಳಗೆ ಬಾಗಿರೋದು ನಿಮ್ಮದೇ ಅಲ್ವಾ? ಕೊರಳಾಗೆ ಹೊಸ ನೀಲಿ ಹಗ್ಗ. ಯಾರೋ ತೋಟದವರ ಮನೆಗೆ ಹೊಡ್ಕಂಡು ಹೋಗ್ತಿದ್ರು.”

ಇವನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನಲ್ಲ. ಆದರೆ ನೀಲಿ ಹಗ್ಗ ಅಂತ ಇವನು ಯಾಕೆ ಕಟ್ಟಿ ಹೇಳಬೇಕು? ನ್ಯಾಮತಿಯ ಎಮ್ಮೆ ಉಬ್ರಾಣಿಗೆ ಯಾಕೆ ಹೋಗಬೇಕು? ಒಳಗಿನಿಂದ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. “ಹೊಸ ಹಗ್ಗ ಅಂತಾ?” ಎಂದು ಒಂದೇ ಮಾತು ಕೇಳಿದರು. ಅವನು ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ ತವರಿಗೆ ಹೊರಟೆ. ಫೋನ್ ಮಾಡಿ ಹೋದರೆ ಕೊಟ್ಟಿಗೆಗೆ ಯಾರದೋ ಎಮ್ಮೆ ತಂದು ಕಟ್ಟಿಬಿಟ್ಟರೆ? ನನ್ನ ಬುದ್ಧಿ ಅಲ್ಲಿಗೆ ಬಂದು ನಿಂತಿತ್ತು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಸೇತುವೆ ಮೇಲೆ ಬಸ್ಸಿನಿಂದ ಕೆಳಗೆ ನೋಡಿದೆ. ಹೊಳೆ ಇರಲಿಲ್ಲ. ಬಂಡೆ, ಮರಳು, ಅಲ್ಲೊಂದು ಇಲ್ಲೊಂದು ಪಾಚಿ ಕಟ್ಟಿದ ಗುಂಡಿ. ಒಂದು ಗುಂಡಿಯಲ್ಲಿ ಎಮ್ಮೆಗಳು ಒಂದರ ಮೇಲೊಂದು ಬಿದ್ದ ಹಾಗೆ ಮಲಗಿದ್ದವು. ಚಿಕ್ಕಂದಿನಲ್ಲಿ ಇದೇ ಹೊಳೆ ನೋಡಿ ಹೆದರಿ ಅಪ್ಪನ ಪಂಚೆ ಹಿಡಿದುಕೊಳ್ಳುತ್ತಿದ್ದವಳು ನಾನು. ನಮ್ಮ ಕಡೆ ಬರ ಇದ್ದರೆ ಇದೆ, ಈ ಕಡೆ ಎಲ್ಲ ಸೊಂಪಾಗಿದೆ ಎಂದು ಅಷ್ಟು ದಿನ ನಂಬಿಕೊಂಡಿದ್ದೆ. ಪಕ್ಕದಲ್ಲಿ ಕೂತ ಮುದುಕಿ, “ನಮ್ಮ ಕಡೆನೂ ಹಿಂಗೇ ಆತು ನೋಡವ್ವ,” ಎಂದಳು. ಹಾಗಾದರೆ ಮಾರಿಯೇ ಇರುತ್ತಾನೆ, ಅಂದುಕೊಂಡೆ.

ಊರಲ್ಲಿ ಇಳಿದವಳು ಮನೆಯ ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲಿನಿಂದ ಸೀದಾ ಕೊಟ್ಟಿಗೆಗೆ ಹೋದೆ. ಕೊಟ್ಟಿಗೆ ಗುಡಿಸಿ ಒಣಗಿತ್ತು. ನನ್ನ ಎಮ್ಮೆಯೂ ಇಲ್ಲ, ಅವರ ಎರಡು ಹಸುಗಳೂ ಇಲ್ಲ. ಗೋಡೆಯ ಗೂಟಕ್ಕೆ ಮೂರು ಹಗ್ಗ ನೇತುಹಾಕಿತ್ತು. ಎರಡು ಹಳೆಯವು. ಮೂರನೆಯದರ ನಡುವೆ ಅತ್ತೆಯ ಸೀರೆಯ ಕೆಂಪು ಅಂಚು.

ಅದನ್ನು ನೋಡಿ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹಗ್ಗ ಕಿತ್ತುಕೊಂಡು ಅಡುಗೆಮನೆಗೆ ನುಗ್ಗಿದೆ. ತಮ್ಮನ ಹೆಂಡತಿ ರಾಗಿ ಬೀಸಿಸಿಕೊಂಡು ಬಂದು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಹಗ್ಗ ಇಲ್ಲೈತೆ. ಎಮ್ಮೆ ಎಲ್ಲೈತೆ?” ಎಂದೆ.

“ಅಕ್ಕ, ಕೂತ್ಕಳ್ರಿ, ನೀರು ಕುಡೀರಿ ಮೊದ್ಲು.”

“ನಿನ್ನ ನೀರು ನನಗೆ ಬ್ಯಾಡ. ಯಾರಿಗೆ ಕೊಟ್ರಿ? ನಮ್ಮತ್ತೆ ಹೇಳಿದ್ದು ನಿಜ ಮಾಡಿದ್ರಲ್ಲ! ಅವರ ಮುಂದೆ ನಾನು ಹೆಂಗೆ ತಲೆ ಎತ್ತಲಿ?”

“ಮಾರಿಲ್ಲ ಅಕ್ಕ, ದೇವರಾಣೆಗೂ ಮಾರಿಲ್ಲ.”

“ಮಾರದೆ ಹಗ್ಗ ಗೂಟಕ್ಕೆ ಹೆಂಗೆ ಬಂತು?”

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳು ನೋಡಿ ಕರಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಪ್ಪು ಮಾಡಿದವರೂ ಅಳುತ್ತಾರೆ. ಅವಳೇ ಸುಧಾರಿಸಿಕೊಂಡು ಒಂದೊಂದಾಗಿ ಹೇಳಿದಳು. ದೀಪಾವಳಿ ಆದ ಮೇಲೆ ಅವರ ಬೋರ್‌ವೆಲ್ ನಿಂತಿತು. ಮೂರಕ್ಕೆ ಮೇವು ಆಗುವಂತಿರಲಿಲ್ಲ. ತಮ್ಮ ತನ್ನ ಎರಡು ಹಸುಗಳನ್ನು ಸಂತೆಗೆ ಹೊಡೆದುಕೊಂಡು ಹೋದ. “ಅಕ್ಕಂದು ಮುಟ್ಟಂಗಿಲ್ಲ, ಅದು ಹಗ್ಗದ ಸಮೇತ ಬಂದೈತೆ,” ಅಂದನಂತೆ. ಇದ್ದ ಹುಲ್ಲೂ ಮುಗಿದಾಗ ಯಾರೋ ಹೇಳಿದರೆಂದು ಉಬ್ರಾಣಿ ಹತ್ತಿರ ಒಬ್ಬರ ಅಡಿಕೆ ತೋಟಕ್ಕೆ ಆಳಾಗಿ ಸೇರಿಕೊಂಡ. ಎಮ್ಮೆಯನ್ನೂ ಅಲ್ಲಿಗೆ ಹೊಡೆದುಕೊಂಡು ಹೋದ. ಹಗಲೆಲ್ಲ ತೋಟಕ್ಕೆ ನೀರು ಬಿಡುವುದು, ತೋಟದವರ ದನ ನೋಡಿಕೊಳ್ಳುವುದು, ಅಲ್ಲೇ ಕೊಟ್ಟಿಗೆಯ ಪಕ್ಕ ಮಲಗುವುದು.

“ಮತ್ತೆ ಈ ಹಗ್ಗ?”

“ಬೇರೆಯವರ ಕೊಟ್ಟಿಗೆಯಾಗೆ ಈ ಹಗ್ಗ ಕಳೆದು ಹೋದ್ರೆ, ಇಲಿ ಕಡಿದ್ರೆ, ನಿಮ್ಮತ್ತೆಗೆ ಏನು ಹೇಳೋದು ಅಂತ ಇವರೇ ಬಿಚ್ಚಿ ತಂದಿಟ್ರು ಅಕ್ಕ. ಅದಕ್ಕೆ ಬೇರೆ ಹಗ್ಗ ತಗಂಡು ಹಾಕಿದಾರೆ. ಇದನ್ನ ಜ್ವಾಪಾನವಾಗಿಡು ಅಂತ ನನಗೆ ಕೊಟ್ಟಿದ್ರು.”

ಮಾರಿಲ್ಲ ಅಂತ ತೋರಿಸುವುದಕ್ಕೆ ಹಗ್ಗ ಕಾಪಾಡಲು ಹೋಗಿ, ಮಾರಿದವರು ಏನು ಮಾಡುತ್ತಾರೋ ಅದನ್ನೇ ಮಾಡಿಟ್ಟಿದ್ದ ನನ್ನ ತಮ್ಮ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಥೆ ಚೆನ್ನಾಗಿತ್ತು. ಕಥೆ ಚೆನ್ನಾಗಿದ್ದರೆ ಎಮ್ಮೆ ಇದೆ ಅಂತ ಆಗುವುದಿಲ್ಲ. “ನಾಳೆ ನನ್ನನ್ನ ಅಲ್ಲಿಗೆ ಕರ್ಕಂಡು ಹೋಗು. ಅವನಿಗೆ ಫೋನ್ ಮಾಡಂಗಿಲ್ಲ,” ಎಂದೆ. ಅವಳು ಒಪ್ಪಿಕೊಂಡು ತನ್ನ ಫೋನನ್ನೇ ನನ್ನ ಕೈಗೆ ಕೊಟ್ಟಳು. ನಾನು ಬೇಡ ಅನ್ನಲಿಲ್ಲ, ತೆಗೆದುಕೊಂಡು ಚೀಲದಲ್ಲಿ ಇಟ್ಟುಕೊಂಡೆ.

ಬೆಳಿಗ್ಗೆ ಹೊನ್ನಾಳಿಗೆ ಬಂದು, ಚನ್ನಗಿರಿ ಬಸ್ಸು ಹತ್ತಿ, ಅಲ್ಲಿಂದ ಉಬ್ರಾಣಿ ಕಡೆಗೆ ಹೋದೆವು. ದಾರಿಯುದ್ದಕ್ಕೂ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಕೆಲವು ತೋಟದ ಸುಳಿ ಬಾಗಿತ್ತು. ನಾವು ಇಳಿದ ಕಡೆಯ ತೋಟ ಮಾತ್ರ ಇನ್ನೂ ಹಸಿರಾಗಿತ್ತು. ತೋಟದ ಮೂಲೆಯಲ್ಲಿ ಶೀಟು ಹೊದಿಸಿದ ಕೊಟ್ಟಿಗೆ. ಅದರ ಮುಂದೆ ಒಬ್ಬ ಮನುಷ್ಯ ಅಡಿಕೆ ಹಾಳೆಗಳನ್ನು ಕತ್ತಿಯಿಂದ ಸಣ್ಣಗೆ ಹೆಚ್ಚುತ್ತಿದ್ದ. ಹತ್ತಿರ ಹೋಗುವವರೆಗೂ ಅವನು ನನ್ನ ತಮ್ಮ ಎಂದು ಗೊತ್ತಾಗಲಿಲ್ಲ. ಅಷ್ಟು ಬಡವಾಗಿದ್ದ. ಎಮ್ಮೆ ಅವನ ಹಿಂದೆ ನಿಂತಿತ್ತು, ನೀಲಿ ಹಗ್ಗದಲ್ಲಿ. ಪಕ್ಕೆ ತುಂಬಿಕೊಂಡಿತ್ತು. ಅದರ ಕೆಳಗೆ ಒಂದು ಹೆಣ್ಣು ಕರು ಮೊಲೆ ಗುದ್ದುತ್ತಿತ್ತು.

ತಮ್ಮ ತನ್ನ ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. “ಬಂದ್ಯಾ ಅಕ್ಕ,” ಎಂದ. ಮತ್ತೆ ಹಾಳೆ ಹೆಚ್ಚತೊಡಗಿದ.

“ಈದು ಎಷ್ಟು ದಿನ ಆತು?” ಎಂದೆ.

“ಸಂಕ್ರಾಂತಿ ಮಾರನೇ ವಾರ.”

“ನನಗೆ ಇನ್ನೂ ಇಲ್ಲ ಅಂದ್ಯಲ್ಲೋ!”

“ಹಾಲು ತೋಟದ ಯಜಮಾನ್ರ ಮನೆಗೆ ಹೋಗ್ತೈತೆ ಅಕ್ಕ. ಮೇವಿಗೆ ಹಾಲು, ಹಂಗೆ ಮಾತಾಗೈತೆ. ಈದೈತೆ ಅಂದ್ರೆ ಹಾಲೆಲ್ಲಿ ಅಂತೀಯ. ಹಾಲಿಲ್ಲಿ ಅಂದ್ರೆ ನೀನೆಲ್ಲಿದೀಯ ಅಂತೀಯ. ನಮ್ಮಪ್ಪನ ಮಗ ಇನ್ನೊಬ್ಬರ ಸಗಣಿ ಬಾಚ್ತಾನೆ ಅಂತ ನಿಮ್ಮತ್ತೆ ಮುಂದೆ ಹೇಳೋದಾ?”

ಅದಕ್ಕೇ ಬರಿ ಮೂತಿ, ಅದಕ್ಕೇ ಕತ್ತಲು. ಆದರೂ ಸುಳ್ಳು ಸುಳ್ಳೇ. ಇಷ್ಟು ಸಲೀಸಾಗಿ ಎರಡು ತಿಂಗಳು ಸುಳ್ಳು ಹೇಳಿದವನು ಇನ್ನೇನು ಮುಚ್ಚಿಟ್ಟಿದ್ದಾನೋ ಎಂದು ನನ್ನ ಕಣ್ಣು ಕೊಟ್ಟಿಗೆಯನ್ನೆಲ್ಲ ಸುತ್ತಿ ಬಂತು. ಮುಚ್ಚಿಟ್ಟದ್ದು ಇತ್ತು. ಅವನು ದನಿ ಇಳಿಸಿ, “ಇನ್ನೊಂದು ವಿಷಯ ಐತೆ ಅಕ್ಕ,” ಎನ್ನುವಷ್ಟರಲ್ಲಿ ತೋಟದ ಯಜಮಾನರು ಬಂದರು. ವಯಸ್ಸಾದವರು, ಬಿಳಿ ಪಂಚೆ, ಕೈಯಲ್ಲೊಂದು ಕೋಲು. ಹಿಂದೆ ತೋಟದ ಕೆಲಸದವರು ಮೂರು ನಾಲ್ಕು ಜನ.

“ಯಾರಿವರು?” ಎಂದರು.

“ನಮ್ಮಕ್ಕ ಯಜಮಾನ್ರೇ,” ಎಂದ ತಮ್ಮ. ಅವನ ಕೈಯಲ್ಲಿದ್ದ ಕತ್ತಿ ನಿಂತಿತ್ತು.

“ಎಲ್ಲಿಗೆ ಕೊಟ್ಟೈತೆ?”

ತಮ್ಮ ನನ್ನನ್ನೇ ನೋಡಿದ. ಆ ನೋಟದಲ್ಲಿ ಏನಿತ್ತೋ, ಜಗಳೂರು ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದದ್ದು ಹಿಂದೆ ಹೋಯಿತು. “ದಾವಣಗೆರೆ ಕಡೆಗೆ,” ಎಂದೆ.

“ಒಳ್ಳೇದಾತು, ನೀನೇ ಸಿಕ್ಕೆ,” ಎಂದು ಅವರು ಕೋಲೂರಿ ನಿಂತರು. “ಆ ಜಗಳೂರು ಕಡೆ ದನ ನನ್ನ ಕೊಟ್ಟಿಗೆಯಾಗೆ ಕಟ್ಟಾಕೆ ಬಿಡಲ್ಲ ಅಂತ ಮೊದ್ಲೇ ಹೇಳಿದ್ದೆ. ಆ ಕಡೆಯಿಂದ ಬಂದ ದನದಿಂದಲೇ ಹೋದ ಸಲ ಚರ್ಮಗಂಟು ರೋಗ ಬಂದು ನನ್ನೆರಡು ಹಸ ಹೋದವು. ಈ ಎಮ್ಮೆ ತನ್ನದೇ, ನ್ಯಾಮತಿದೇ ಅಂತ ನಿನ್ನ ತಮ್ಮ ಮಾತು ಕೊಟ್ಟಾನೆ. ಮೊನ್ನೆ ಯಾವನೋ ಹುಲ್ಲಿನ ಟ್ರ್ಯಾಕ್ಟರಿನವನು ಇದು ಜಗಳೂರು ಎಮ್ಮೆ ಇದ್ದಂಗೈತೆ ಅಂದ. ನಾನು ಯಾರನ್ನೂ ನಂಬಲ್ಲವ್ವ, ಕಾಲ ಹಂಗೈತೆ. ನೀನೇ ಹೇಳು, ಈ ಎಮ್ಮೆ ಯಾರ್ದು?”

ಯಾರದು ಅನ್ನುವುದನ್ನು ಕೇಳಲಿಕ್ಕೇ ನಾನು ಎರಡು ದಿನದಿಂದ ಬಸ್ಸು ಹತ್ತಿ ಇಳಿದಿದ್ದೆ. ನನ್ನದು ಅಂದರೆ ಆ ಸಂಜೆಯೇ ಎಮ್ಮೆ, ಕರು, ತಮ್ಮ ಮೂವರೂ ರಸ್ತೆಯ ಮೇಲೆ. ಮೇವು ನ್ಯಾಮತಿಯಲ್ಲಿಲ್ಲ, ಜಗಳೂರಿನಲ್ಲಿ ಮೊದಲೇ ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಎಮ್ಮೆ ನನ್ನ ವಾಸನೆ ಹಿಡಿಯಿತು. ಕೊರಳು ಚಾಚಿ, ಊರಲ್ಲಿ ಹಿಂಡಿ ತರುವಾಗ ಕರೆಯುತ್ತಿದ್ದ ಹಾಗೆಯೇ ಒಳಗಿನಿಂದ ಗುರುಗುಟ್ಟಿತು. ನೀಲಿ ಹಗ್ಗ ಬಿಗಿಯುವವರೆಗೂ ಮುಂದೆ ಬಂದು ನನ್ನ ಕೈ ನೆಕ್ಕಿತು.

“ನಿನ್ನ ಗುರುತು ಭಾಳ ಐತಲ್ಲ ಇದಕ್ಕೆ?” ಎಂದರು ಯಜಮಾನರು. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದರ ಹಣೆ ಸವರಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡೆ, ಯಾರದೋ ಎಮ್ಮೆ ನೆಕ್ಕಿದರೆ ಒರೆಸಿಕೊಳ್ಳುವ ಹಾಗೆ.

“ತವರುಮನೆ ಎಮ್ಮೆ ಅಲ್ವಾ ಯಜಮಾನ್ರೇ, ಬಂದಾಗೆಲ್ಲ ಏನಾದ್ರೂ ತಿನ್ನಾಕೆ ಹಾಕ್ತೀನಿ, ಅದಕ್ಕೇ ಗುರುತು,” ಎಂದೆ. “ಎಮ್ಮೆ ನನ್ನ ತಮ್ಮಂದೇ. ನಮ್ಮಪ್ಪ ಇವನಿಗೆ ಅಂತ ಬಿಟ್ಟುಹೋಗಿದ್ದು.”

“ಆಣೆ ಮಾಡ್ತೀಯಾ?”

“ನನ್ನ ತವರಿನಾಣೆ.”

ಅವರು ಎಮ್ಮೆಯನ್ನು ಮತ್ತೊಮ್ಮೆ ನೋಡಿದರು, ನನ್ನನ್ನು ನೋಡಿದರು. ಕೆಲಸದವರ ಕಡೆ ತಿರುಗಿ, “ಕೇಳಿದ್ರೇನ್ರೋ, ಇವರಕ್ಕನೇ ಹೇಳ್ತಾಳೆ. ಇನ್ನು ಯಾವನಾದ್ರೂ ಬಂದು ಇದು ನಂದು ಅಂದ್ರೆ ಕಟ್ಟಿ ಹಾಕ್ರಿ ಅವನನ್ನ,” ಎಂದು ಹೋದರು.

ಅವರು ತೋಟದೊಳಗೆ ಮರೆಯಾದರು. ತಮ್ಮನ ಹೆಂಡತಿ ಕರುವನ್ನು ಹಿಡಿದುಕೊಂಡು ಆ ಕಡೆ ತಿರುಗಿದಳು. ತಮ್ಮ ಹೆಚ್ಚಿದ ಹಾಳೆಯನ್ನು ಬುಟ್ಟಿಗೆ ತುಂಬಿ ಎಮ್ಮೆಯ ಮುಂದೆ ಇಟ್ಟು ಬಂದು ನನ್ನ ಪಕ್ಕ ನಿಂತ. ಬಂದಾಗಿನಿಂದ ಮೊದಲ ಸಲ ನಕ್ಕ.

“ಇನ್ನು ನಾನು ಇದನ್ನ ಮಾರಿಕೊಂಡು ಹೋದ್ರೂ ನೀನು ಕೇಳಾಕೆ ಬರಂಗಿಲ್ಲ ನೋಡಕ್ಕ,” ಎಂದ.

ನಾನೂ ನಕ್ಕೆ. ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದ ಹಾಗೆ ಅವನ ಬೆನ್ನಿಗೊಂದು ಗುದ್ದು ಕೊಟ್ಟೆ, ಮೂಳೆ ತಾಗಿತು. ಊರಿಗೆ ಬಂದು ಅತ್ತೆಗೆ, ಎಮ್ಮೆ ಗುಂಡಗೆ ಐತೆ, ಹೆಣ್ಣು ಕರು ಹಾಕೈತೆ, ನಿಮ್ಮ ಹಗ್ಗ ತಮ್ಮನ ಮನೆಯಾಗೆ ಜ್ವಾಪಾನವಾಗೈತೆ ಎಂದು ಹೇಳಿದೆ. ಯಾರ ಮುಂದೆ ಏನು ಆಣೆ ಮಾಡಿ ಬಂದೆ ಎಂದು ಹೇಳಲಿಲ್ಲ. ಈಗ ಮತ್ತೆ ಬಿತ್ತನೆಯ ಕಾಲ ಬಂದಿದೆ, ಮಳೆ ಬಂದಿಲ್ಲ, ಎಮ್ಮೆ ಅಲ್ಲೇ ಇದೆ. ತಮ್ಮ ಈಗ ಹಗಲು ಹೊತ್ತಿನಲ್ಲೇ ವಿಡಿಯೋ ಕಳಿಸುತ್ತಾನೆ, ಪೂರ್ತಿ ಎಮ್ಮೆ ಕಾಣುವ ಹಾಗೆ. ಮಾರಿಕೊಂಡು ಹೋಗುವ ಮಾತನ್ನು ಅವನು ಅವತ್ತು ತಮಾಷೆಗೆ ಹೇಳಿದ. ತಮಾಷೆಗೇ ಹೇಳಿದ ಎಂದು ನಾನು ಆ ವಿಡಿಯೋ ಬರುವವರೆಗೂ ದಿನಾ ಹೇಳಿಕೊಳ್ಳುತ್ತೇನೆ.